ಬೆನ್ನುಚೀಲಕ್ಕೆ ಬಿಳಿ ಮೇಣಬಟ್ಟೆ

ಮಲೇರಿಯಾದ ಕೆಲಸಕ್ಕೆ ಸೇರಿದಾಗ ಸರಕಾರದಿಂದ ನನಗೆ ಸಿಕ್ಕಿದ್ದು ಖಾಕಿ ಅಂಗಿ ಮತ್ತು ಒಂದು ಹೆಗಲಿಗೆ ತೂಗಹಾಕುವ ಖಾಕಿ ಚೀಲ. ಸೈಕಲ್ ನನ್ನದೇ. ಬೆಳ್ತಂಗಡಿಯಿಂದ ಬೆಳಿಗ್ಗೆ ಹೊರಟು ಗುರುವಾಯನಕೆರೆ, ಅಳದಂಗಡಿ ಕಡೆಯ ಮನೆಗಳಿಗೆ ಹೋಗಬೇಕು, ಜ್ವರ ಬಂದವರು ಇದ್ದಾರೋ ಎಂದು ಕೇಳಬೇಕು. ಇದ್ದರೆ ಅವರ ಬೆರಳು ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಣಗಿಸಿ, ಮಾತ್ರೆ ಕೊಟ್ಟು ಬರಬೇಕು. ಅರುವತ್ತರ ದಶಕದ ಆರಂಭದ ಮಾತು ಇದು. ಡಿಡಿಟಿ ಹೊಡೆಯಲು ತೊಡಗಿದ ಮೇಲೆ ಚಳಿಜ್ವರ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.

ಆ ಚೀಲ ನಡೆಯುವವರಿಗಾಗಿ ಮಾಡಿದ್ದು. ಸೈಕಲ್ ತುಳಿಯುವಾಗ ಅದು ಜಾರಿ ಮುಂದಕ್ಕೆ ಬರುತ್ತಿತ್ತು, ಮೊಣಕಾಲಿಗೆ ಬಡಿಯುತ್ತಿತ್ತು. ಕ್ಯಾರಿಯರಿಗೆ ಕಟ್ಟಿದರೆ ಕಲ್ಲುಮಾರ್ಗದಲ್ಲಿ ಗಾಜು ಪುಡಿ. ಒಡೆದರೆ ಪುನಃ ಅದೇ ಮನೆಗೆ ಹೋಗಿ ಅದೇ ಜನರ ಬೆರಳು ಚುಚ್ಚಬೇಕು. ಅಳದಂಗಡಿ ಹತ್ತಿರದ ಒಂದು ಮನೆಯ ಅಜ್ಜಿ, ಮೊನ್ನೆ ತೆಗೆದ ರಕ್ತವನ್ನು ಎಲ್ಲಿ ಹಾಕಿದೆ ಎಂದು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದರು.

ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳಿದೆ. ಆಗ ನಮಗೆ ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ. ಅವಳು ಮೂಡುಬಿದಿರೆಯವಳು. ತವರಿನಿಂದ ಒಂದು ಕೈಮೆಷಿನ್ ತಂದಿದ್ದಳು, ಬೆಳ್ತಂಗಡಿಯ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಕೂತು ನೆರೆಹೊರೆಯವರ ರವಕೆ ಹೊಲಿಯುತ್ತಿದ್ದಳು. ನನ್ನ ಮಾತು ಕೇಳಿ ಅವಳು ನಕ್ಕಳು. ಆಮೇಲೆ ನನ್ನನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ಹೆಗಲಿನಿಂದ ಸೊಂಟದವರೆಗೆ ದಾರದಲ್ಲಿ ಅಳತೆ ತೆಗೆದಳು. ಚೀಲ ಬೆನ್ನಿಗೇ ಕೂರಬೇಕು, ಎರಡು ಹೆಗಲಿಗೂ ಪಟ್ಟಿ ಬೇಕು, ಆಗ ಅದು ಎಲ್ಲಿಗೂ ಜಾರುವುದಿಲ್ಲ ಎಂದಳು.

ಮೊದಲ ಚೀಲವನ್ನು ದಪ್ಪ ಡ್ರಿಲ್ ಬಟ್ಟೆಯಲ್ಲಿ ಹೊಲಿದಳು. ಪಟ್ಟಿಗೆ ಮಂಚದ ನವಾರು. ಮಳೆಗೆ ನೆನೆಯಬಾರದೆಂದು, ಯಾರೋ ಹೇಳಿದರೆಂದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಳು. ದೋಣಿಗೆ ಬಳಿಯುವ ಎಣ್ಣೆ ಅದು. ಒಂದೇ ದಿನದ ಬೆವರಿಗೆ ಅದು ಅಂಗಿ ದಾಟಿ ಮೈಗೆ ತಾಗಿ, ಬೆನ್ನೆಲ್ಲ ಬೊಕ್ಕೆ ಎದ್ದಿತು. ಅವಳು ಅಳುವುದೊಂದು ಬಾಕಿ. ತೆಂಗಿನೆಣ್ಣೆ ಸವರುತ್ತಾ, ಇನ್ನು ಯಾರ ಮಾತೂ ಕೇಳುವುದಿಲ್ಲ, ನನ್ನ ಬುದ್ಧಿಯಿಂದಲೇ ಮಾಡುತ್ತೇನೆ ಎಂದಳು.

ಮಾಡಿದಳು ಕೂಡ. ಬಂಟ್ವಾಳದಲ್ಲಿ ಲಾರಿಯ ಟರ್ಪಾಲು ಹೊಲಿಯುವ ಅಂಗಡಿಯೊಂದಿತ್ತು. ನಾನು ಅತ್ತ ಹೋದಾಗ ಅಲ್ಲಿಂದ ತುಂಡುಗಳನ್ನು ಕೇಳಿ ತಂದೆ. ಎರಡನೇ ಚೀಲ ಅದರದ್ದು. ಬೆನ್ನಿಗೆ ತಾಗುವ ಕಡೆ ಏನು ಹಾಕುವುದೆಂದು ಅವಳು ಬಹಳ ಯೋಚಿಸಿದಳು. ಹತ್ತಿ ಹಾಕಿದರೆ ಬೆವರು ಹೀರಿ ಭಾರವಾಗುತ್ತದೆ, ಗೋಣಿ ಚುಚ್ಚುತ್ತದೆ. ಒಂದು ದಿನ ಸ್ನಾನದ ಕೊಟ್ಟಿಗೆಯಿಂದ, ಮೈ ತಿಕ್ಕಲು ಇಟ್ಟಿದ್ದ ಒಣ ಹೀರೆಕಾಯಿಯ ನಾರು ಹಿಡಿದುಕೊಂಡು ಬಂದಳು. ಹಗುರ, ಗಾಳಿ ಆಡುತ್ತದೆ, ನೆನೆದರೆ ಬೇಗ ಒಣಗುತ್ತದೆ. ಅದನ್ನು ಬಿಡಿಸಿ ಚಪ್ಪಟೆ ಮಾಡಿ ಬೆನ್ನಿನ ಕಡೆ ಎರಡು ಸಾಲು ಹೊಲಿದಳು. ಒಳಗೆ ಗಾಜಿನ ಪಟ್ಟಿಗಳ ಪೆಟ್ಟಿಗೆಯ ಸುತ್ತಲೂ ಅದನ್ನೇ ಇಟ್ಟಳು. ಮಾತ್ರೆಗೆ ಬೇರೆ ಕಿಸೆ, ಸ್ಪಿರಿಟ್ಟಿನ ಕುಪ್ಪಿಗೆ ಬೇರೆ, ಬುತ್ತಿಗೆ ಕೆಳಗೆ. ಆ ಚೀಲ ಹಾಕಿಕೊಂಡ ಮೇಲೆ ಗಾಜು ಒಡೆದದ್ದು ನನಗೆ ನೆನಪಿಲ್ಲ.

ಅವಳು ಬಸುರಿಯಾಗಿ, ಕೈಮೆಷಿನನ್ನೂ ಜೊತೆಗೆ ತೆಗೆದುಕೊಂಡು ಹೆರಿಗೆಗೆ ಮೂಡುಬಿದಿರೆಗೆ ಹೋದಳು. ನಾನು ಮಂಗಳೂರಿಗೆ ಹೋಗಿದ್ದಾಗ ಮಗುವಿನ ಹಾಸಿಗೆಯಡಿಗೆ ಹಾಸಲು ಬಿಳಿ ಮೇಣಬಟ್ಟೆ ಕೊಂಡು ತಂದೆ. ಹುಟ್ಟುವ ಮೊದಲೇ ಮಗುವಿಗೆ ಸಾಮಾನು ತರುವುದುಂಟಾ ಎಂದು ಅತ್ತೆ ಬೇಸರಿಸಿದರು. ಹೆಂಡತಿ ಮಾತ್ರ ಅದನ್ನು ಮುಟ್ಟಿ ಮುಟ್ಟಿ ನೋಡಿ, ಮಡಚಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು.

ಗಂಡು ಮಗು ಹುಟ್ಟಿತು. ಮರುದಿನದ ಬೆಳಗು ಕಾಣಲಿಲ್ಲ. ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿಕಳಿಸಿದ್ದರು. ನಾನು ವೇಣೂರಿನ ದಾರಿಯಾಗಿ ಸೈಕಲ್ ತುಳಿದು ತಲುಪುವಾಗ ಎಲ್ಲ ಮುಗಿದಿತ್ತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಹತ್ತಿರ ಕೂತೆ.

ಬಾಣಂತನ ಮುಗಿದ ಮೇಲೂ ಅವಳು ಬೆಳ್ತಂಗಡಿಗೆ ಹೊರಡಲಿಲ್ಲ. ಇನ್ನೂ ಸ್ವಲ್ಪ ದಿನ ಇರಲಿ ಎಂದು ಅತ್ತೆ ಹೇಳಿದರು. ನಾನು ಪ್ರತಿ ಶನಿವಾರ ಕೆಲಸ ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ. ಬಸ್ಸಿಗೆ ಕಾದರೆ ತಡ, ಸೈಕಲಿನಲ್ಲೇ ಹೊರಡುವುದು. ಗುಡ್ಡ ಬಂದರೆ ಇಳಿದು ನೂಕುವುದು, ವೇಣೂರಿನಲ್ಲಿ ಒಂದು ಚಾ. ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಅಲ್ಲಿಂದ ಹೊರಟರೆ ಕೆಲಸಕ್ಕೆ ಸರಿಯಾಗುತ್ತಿತ್ತು.

ಮೊದಲ ಕೆಲವು ವಾರ ಅವಳು ನನಗೆ ಊಟ ಬಡಿಸುವಳು, ಒಳಗೆ ಹೋಗುವಳು. ಒಂದು ಶನಿವಾರ ಚೀಲವನ್ನು ಮೊಳೆಗೆ ಸಿಕ್ಕಿಸುವಾಗ ಅದರ ಪಟ್ಟಿಯ ಹೊಲಿಗೆ ಬಿಟ್ಟದ್ದು ಅವಳ ಕಣ್ಣಿಗೆ ಬಿತ್ತು. ತೆಗೆದುಕೊಂಡು ಹೋಗಿ ಸೂಜಿಯಲ್ಲಿ ಹೊಲಿದಳು. ತಂದುಕೊಡುವಾಗ, "ಹೆಗಲಿಗೆ ನೋವು ಉಂಟಾ?" ಎಂದು ಕೇಳಿದಳು. ಎಷ್ಟೋ ದಿನದ ಮೇಲೆ ಅವಳಾಗಿಯೇ ಆಡಿದ ಮಾತು ಅದು. ನೋವು ಇರಲಿಲ್ಲ. ಆದರೂ ನಾನು, "ಎಡಗಡೆ ಸ್ವಲ್ಪ ಉಜ್ಜುತ್ತದೆ" ಎಂದೆ.

ಮುಂದಿನ ವಾರದ ಹೊತ್ತಿಗೆ ಅವಳು ಎಡಪಟ್ಟಿಯೊಳಗೆ ಹೀರೆಯ ನಾರು ತುಂಬಲು ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಆಮೇಲೆ ಪ್ರತಿ ಶನಿವಾರವೂ ಅವಳು ಕೇಳುವಳು, ನಾನು ಒಂದಲ್ಲ ಒಂದು ಕೊರತೆ ಹೇಳುವೆ. ಇಳಿಜಾರಿನಲ್ಲಿ ಕುಪ್ಪಿ ಅಲ್ಲಾಡುತ್ತದೆ, ಬಗ್ಗಿದರೆ ಚೀಲದ ಬಾಯಿ ತೆರೆದುಕೊಳ್ಳುತ್ತದೆ, ಮಾತ್ರೆಯ ಕಿಸೆಗೆ ಕೈ ಹೋಗುವುದಿಲ್ಲ. ಕೆಲವು ನಿಜ, ಕೆಲವು ದಾರಿಯಲ್ಲಿ ಪೆಡಲು ತುಳಿಯುತ್ತಾ ನಾನೇ ಹುಟ್ಟಿಸಿದ್ದು. ನಾವಿಬ್ಬರೂ ದೀಪದ ಬುಡದಲ್ಲಿ ಚೀಲವನ್ನು ನಡುವೆ ಇಟ್ಟುಕೊಂಡು ಕೂರುತ್ತಿದ್ದೆವು. ಮಗುವಿನ ಸುದ್ದಿ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆದರೆ ಅವಳ ಕೈ ಚೀಲದ ಮೇಲೆ ಆಡುವುದನ್ನು ನೋಡುತ್ತಾ ಕೂರುವುದೇ ನನಗೆ ಆ ವಾರದ ಊಟ.

ಮಳೆಗಾಲ ಹಿಡಿಯಿತು. ಒಂದು ಶನಿವಾರ ಸಂಜೆ ವೇಣೂರು ದಾಟಿ ಒಂದು ತಿರುವಿನಲ್ಲಿ ಹೋಗುತ್ತಿದ್ದೆ. ಜೋರು ಮಳೆ. ಹಿಂದಿನಿಂದ ಬಸ್ಸಿನ ಶಬ್ದ ಕೇಳಿ ತಿರುಗುವುದರೊಳಗೆ ಅದು ನನ್ನ ಮೈಮೇಲೆಯೇ ಬಂದ ಹಾಗಾಯಿತು. ಸೈಕಲ್ ಸಮೇತ ಚರಂಡಿಗೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಡ್ರೈವರ್ ಇಳಿದು ಓಡಿ ಬಂದು ನನ್ನನ್ನು ಎತ್ತಿದ. "ಅಂಗಿಯೂ ಮಣ್ಣಿನ ಬಣ್ಣ, ಚೀಲವೂ ಮಣ್ಣಿನ ಬಣ್ಣ. ನೀವು ಮಾರ್ಗದ ಬದಿಯ ದರೆಯ ಮಣ್ಣೋ ಮನುಷ್ಯನೋ ಎಂದು ನನಗೆ ಹೇಗೆ ಗೊತ್ತಾಗಬೇಕು ಮಾರಾಯ್ರೆ?" ಎಂದ. ಅವನು ಹೇಳಿದ್ದು ಸರಿಯಾಗಿತ್ತು.

ಮನೆಗೆ ಹೋಗಿ ಜಾರಿ ಬಿದ್ದೆ ಎಂದು ಹೇಳಬೇಕೆಂದಿದ್ದೆ. ಆದರೆ ಅತ್ತೆ ಒಂದೊಂದಾಗಿ ಕೇಳಿದಾಗ ನಿಜ ಬಾಯಿಗೆ ಬಂತು. ಹೆಂಡತಿ ಬಾಗಿಲಿನಲ್ಲಿ ನಿಂತು ಎಲ್ಲ ಕೇಳಿದಳು. ಆ ಸಂಜೆ ಅವಳು ಚೀಲದ ಬಗ್ಗೆ ಏನೂ ಕೇಳಲಿಲ್ಲ.

ಭಾನುವಾರ ಊಟವಾದ ಮೇಲೆ ಮೆಷಿನಿನ ಶಬ್ದ ಕೇಳಿ ಒಳಗೆ ಹೋದೆ. ಅವಳ ಪೆಟ್ಟಿಗೆ ತೆರೆದಿತ್ತು. ಆ ಮೇಣಬಟ್ಟೆಯನ್ನು ಕತ್ತರಿಸಿ ಚೀಲದ ಹೊರಮೈಗೆ ಹೊಲಿಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅವಳು ತಲೆ ಎತ್ತದೆ ಹೇಳಿದಳು: "ಇದು ನೀರಿಗೆ ಹಾಳಾಗುವುದಿಲ್ಲ. ಕೆಸರು ಹಾರಿದರೆ ಒರಸಿದರಾಯಿತು. ದೂರಕ್ಕೆ ಕಾಣುತ್ತದೆ." ಸ್ವಲ್ಪ ಹೊತ್ತು ಮೆಷಿನ್ ತಿರುಗಿಸಿದಳು. ಮತ್ತೆ ನಿಲ್ಲಿಸಿ, "ಇಟ್ಟುಕೊಂಡು ಏನು ಮಾಡುವುದು?" ಎಂದಳು. ಆಗ ಅವಳು ಅತ್ತಳು. ನನಗೂ ಅಳು ಬಂತು. ಮಗು ಹೋದ ಮೇಲೆ ನಾವು ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಬಸ್ಸು, ಲಾರಿಗಳು ದೂರದಿಂದಲೇ ಹಾರ್ನ್ ಹಾಕಿ ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಗದ್ದೆಯಲ್ಲಿದ್ದವರೂ ಬಿಳಿ ಚೀಲ ಹೋಗುವುದನ್ನು ಕಂಡು, ಮಲೇರಿಯಾದವರು ಬಂದಿದ್ದಾರೆ ಎಂದು ಮನೆಗೆ ಹೇಳಿಕಳಿಸುತ್ತಿದ್ದರು. ಆದರೆ ನನಗೆ ಹೆಚ್ಚು ನಾಟಿದ್ದು ಅತ್ತೆ ಒಮ್ಮೆ ಮೆಲ್ಲಗೆ ಹೇಳಿದ ಮಾತು. ಸೋಮವಾರ ಬೆಳಿಗ್ಗೆ ನಾನು ಹೊರಟ ಮೇಲೆ ತನ್ನ ಮಗಳು ಬೇಲಿ ದಾಟುವ ತಡಮೆಯ ಹತ್ತಿರ ನಿಂತಿರುತ್ತಾಳಂತೆ. ಮೊದಲು ಮಾರ್ಗದ ಬದಿಯ ಮರಗಳ ಸಾಲಿನಲ್ಲೇ ನಾನು ಕಾಣದಾಗುತ್ತಿದ್ದೆನಂತೆ. ಈಗ ಆಚೆಯ ಗುಡ್ಡ ಹತ್ತಿ ಇಳಿಯುವವರೆಗೂ ಬಿಳಿ ಕಾಣುತ್ತದೆ, ಅಲ್ಲಿಯವರೆಗೆ ಅವಳು ಒಳಗೆ ಬರುವುದಿಲ್ಲವಂತೆ.

ನಾನು ಮಾರ್ಗದಲ್ಲಿ ತಿರುಗಿ ನೋಡಿದವನಲ್ಲ. ಅವಳು ಒಳಗೆ ಹೋಗಿರುತ್ತಾಳೆ ಎಂದೇ ತಿಳಿದಿದ್ದೆ. ಅತ್ತೆ ಹೇಳಿದ ಮೇಲಿನ ಸೋಮವಾರ, ಗುಡ್ಡದ ತುದಿಯಲ್ಲಿ ಸೈಕಲ್ ನಿಲ್ಲಿಸಿ ತಿರುಗಿದೆ. ದೂರದಲ್ಲಿ ಅವಳ ಸೀರೆಯ ಬಣ್ಣ ಕಂಡಿತೋ, ಕಂಡಿತೆಂದು ನಾನು ಅಂದುಕೊಂಡೆನೋ. ಕೈ ಎತ್ತುವ ಧೈರ್ಯ ಬರಲಿಲ್ಲ. ಬೆಳ್ತಂಗಡಿ ತಲುಪುವವರೆಗೂ ಎದೆ ತುಂಬಿಕೊಂಡಿತ್ತು.

ಮಳೆ ಬಿಟ್ಟ ಮೇಲೆ ಅವಳು ಕೈಮೆಷಿನ್ ಸಮೇತ ಬಸ್ಸಿನಲ್ಲಿ ಬೆಳ್ತಂಗಡಿಗೆ ಬಂದಳು. ಒಂದು ದಿನ, ನಾನು ಹೇಳಿ ಹೇಳಿ ಕಣ್ಣಿಗೆ ಕಟ್ಟಿದ ಮನೆಗಳನ್ನು ತಾನೂ ನೋಡಬೇಕು ಎಂದಳು. ಅವಳನ್ನು ಕ್ಯಾರಿಯರಿನಲ್ಲಿ ಕೂರಿಸಿದೆ. ಅವಳು ಹಿಂದೆ ಕೂತರೆ ನನ್ನ ಬೆನ್ನಿಗೆ ಚೀಲ ಹಾಕುವಂತಿಲ್ಲ, ಆದ್ದರಿಂದ ಅವಳೇ ಹಾಕಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಹೇಳಿದಳು: "ಎಡಗಡೆ ಎಲ್ಲಿಯೂ ಉಜ್ಜುವುದಿಲ್ಲವಲ್ಲ."

ನಾನು ಪೆಡಲು ಜೋರಾಗಿ ತುಳಿದೆ.

"ನನಗೆ ಆಗಲೇ ಗೊತ್ತಿತ್ತು," ಎಂದಳು. "ನಿಮ್ಮ ಅಂಗಿ ಒಗೆಯುತ್ತಿದ್ದದ್ದು ನಾನೇ ಅಲ್ಲವಾ? ಉಜ್ಜಿದ ಗುರುತು ಒಂದು ದಿನವೂ ಇರಲಿಲ್ಲ."

ಮತ್ತೆ ಯಾಕೆ ಹೊಲಿದೆ ಎಂದು ಕೇಳಿದೆ. ಅವಳು ಮಾರ್ಗ ನೋಡಿಕೊಂಡು ಹೋಗಲು ಹೇಳಿದಳು.

ಅಳದಂಗಡಿಯ ಆ ಅಜ್ಜಿಯ ಮನೆಯಲ್ಲಿ ಅವಳಿಗೆ ಮಜ್ಜಿಗೆ ಕೊಟ್ಟರು. ಅಲ್ಲಿ ಒಂದು ಎಳೆಮಗುವಿಗೆ ಜ್ವರವಿತ್ತು. ತಾಯಿ ಹೆದರಿ ಮುಖ ತಿರುಗಿಸಿದಾಗ ನನ್ನ ಹೆಂಡತಿಯೇ ಅದನ್ನು ಎತ್ತಿಕೊಂಡು ಕೂತಳು. ನಾನು ಅದರ ಪುಟ್ಟ ಪಾದವನ್ನು ಚುಚ್ಚಿದೆ. ಮಗು ಕಿರುಚಿ ಅವಳ ಕೊರಳಿಗೆ ಮುಖ ಒತ್ತಿತು. ಅದು ಸುಮ್ಮನಾದ ಮೇಲೂ ಅವಳು ಸ್ವಲ್ಪ ಹೊತ್ತು ಕೆಳಗೆ ಬಿಡಲಿಲ್ಲ.

ಆಮೇಲೆ ನಮಗೆ ಒಬ್ಬಳು ಮಗಳು ಹುಟ್ಟಿದಳು. ನನ್ನ ಜೊತೆ ಕೆಲಸ ಮಾಡುವ ಕೆಲವರು ಕೇಳಿದ್ದಕ್ಕೆ ಹೆಂಡತಿ ಅವರಿಗೂ ಅಂಥದ್ದೇ ಚೀಲ ಹೊಲಿದುಕೊಟ್ಟಳು. ಅವರಿಗೆ ಬೇರೆ ಬಿಳಿ ಬಟ್ಟೆ. ನನಗೆ ವಿಟ್ಲದ ಕಡೆ ಕೂತು ಮಾಡುವ ಕೆಲಸಕ್ಕೆ ವರ್ಗವಾಯಿತು, ಸೈಕಲ್ ಕಡಿಮೆಯಾಯಿತು. ಟರ್ಪಾಲು ಹರಿದಾಗ ಚೀಲವನ್ನು ಎಸೆದೆವೋ, ಯಾರಿಗಾದರೂ ಕೊಟ್ಟೆವೋ, ಈಗ ನೆನಪಿಲ್ಲ.

ಹೆಂಡತಿ ಹೋಗಿ ಕೆಲವು ವರ್ಷವಾಯಿತು. ಮೊನ್ನೆ ಮಗಳು ಬಂದಿದ್ದಾಗ, ಆ ಶನಿವಾರಗಳಲ್ಲಿ ನೀವಿಬ್ಬರೂ ಕೂತು ಏನು ಮಾತಾಡುತ್ತಿದ್ದಿರಿ ಅಪ್ಪ ಎಂದು ಕೇಳಿದಳು. ಚೀಲದ ಸುದ್ದಿ ಎಂದೆ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂದು ಅವಳು ನಕ್ಕಳು. ನಿಜವಾಗಿ ನಾವು ಮಾತಾಡಿದ್ದು ಅಷ್ಟೇ. ಇನ್ನಷ್ಟು ಮಾತಾಡಬಹುದಿತ್ತು ಎಂದು ಈಗ ಅನಿಸುತ್ತದೆ. ಕಿಸೆಯ ಬಗ್ಗೆಯೇ ಆದರೂ ಸರಿ, ಪಟ್ಟಿಯ ಬಗ್ಗೆಯೇ ಆದರೂ ಸರಿ, ಇನ್ನೊಂದು ಶನಿವಾರ.