ನೆರಳಿನಲ್ಲಿ ಕೊಡುವ ಮೊದಲ ಕಾಫಿ

ನಮ್ಮ ಬೀದಿಯಲ್ಲಿ ಯಾರ ಮನೆಯ ರೇಷ್ಮೆಹುಳು ಹಣ್ಣಾದರೂ ಮೊದಲು ನನ್ನನ್ನು ಕರೆಯುತ್ತಿದ್ದರು. ತಾಯಲೂರಿನಿಂದ ನಡೆದು ಹೋಗುವಷ್ಟು ದೂರದ ಊರು ನಮ್ಮದು. ಹೆಚ್ಚುಕಡಿಮೆ ನಾಲ್ಕು ವಾರ ಹಿಪ್ಪುನೇರಳೆ ಸೊಪ್ಪು ತಿಂದ ಹುಳು ಒಂದು ಬೆಳಗ್ಗೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಗೂಡು ಕಟ್ಟುವ ಜಾಗ ಹುಡುಕುತ್ತದೆ. ಅದನ್ನೇ ಹಣ್ಣಾಗುವುದು ಎನ್ನುತ್ತೇವೆ. ಹಣ್ಣಾದ ಹುಳುಗಳನ್ನು ತಟ್ಟೆಯಿಂದ ಒಂದೊಂದಾಗಿ ಆರಿಸಿ ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು. ಹಸಿ ಹುಳು ಚಂದ್ರಿಕೆಗೆ ಹೋದರೆ ಅಲೆದಾಡಿ ಕೆಳಗೆ ಬೀಳುತ್ತದೆ. ಹಣ್ಣಾದದ್ದು ತಟ್ಟೆಯಲ್ಲೇ ಉಳಿದರೆ ಕಸದ ನಡುವೆ ನೂಲು ಬಿಟ್ಟು ಹಾಳಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕತ್ತಿನ ಹತ್ತಿರ ಕಾಣುವ ಒಂದಿಷ್ಟು ಹೊಳಪು, ಅಷ್ಟೇ.

ಆ ಹೊಳಪು ಹಿಡಿಯುವುದರಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಹೇಳಿಕೊಂಡರೆ ತಪ್ಪೇನೂ ಇಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಸೊಪ್ಪಿನ ಹೊರೆ ಹೊತ್ತವನು ನಾನು. ಓದಿದವರ ಎದುರು ತಲೆ ಎತ್ತಿ ನಿಲ್ಲಲು ನನಗಿದ್ದದ್ದು ಈ ಕಣ್ಣು, ಈ ಕೈ. ಈ ಕೆಲಸ ಕಲಿಸಿದವರು ನನ್ನ ಸೋದರತ್ತೆ. ಮುಂದೆ ಅವರ ಮಗಳನ್ನೇ ಮದುವೆಯಾದೆ. ಮದುವೆಯಾದ ವರ್ಷವೇ ಮಾವ ತೀರಿಕೊಂಡು, ಅತ್ತೆ ಆಂಧ್ರದ ಗಡಿಯಾಚೆಯ ಊರು ಬಿಟ್ಟು ನಮ್ಮ ಮನೆಗೇ ಬಂದರು.

ಹುಳು ಆರಿಸುವ ದಿನ ನಮ್ಮಲ್ಲೊಂದು ಪದ್ಧತಿ ಇತ್ತು. ಕಣ್ಣು ಮಂದವಾದ ಹಿರಿಯರನ್ನು ಬೇಡ ಎಂದು ಯಾರೂ ಕಳಿಸುತ್ತಿರಲಿಲ್ಲ. ಬೇವಿನ ನೆರಳಿನಲ್ಲಿ ಚಾಪೆ ಹಾಸಿ ಕೂರಿಸಿ, ಎಲ್ಲರಿಗಿಂತ ಮೊದಲು ಕಾಫಿ ಕೊಡುತ್ತಿದ್ದರು. ಮರ್ಯಾದೆ ಅದು. ಆದರೆ ಆ ಕಾಫಿ ಕೈಗೆ ಬಂದ ಮೇಲೆ ಯಾರೂ ತಿರುಗಿ ತಟ್ಟೆಯ ಮುಂದೆ ಕೂತದ್ದನ್ನು ನಾನು ನೋಡಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಅಪ್ಪನಿಗೆ ಆ ಮಾತು ಹೇಳಿದವನು ನಾನೇ. “ನೀನು ಬಿಡಪ್ಪ, ಹೋಗಿ ನೆರಳಲ್ಲಿ ಕೂತ್ಕೊ” ಎಂದಿದ್ದೆ. ಅಪ್ಪ ಕೈಲಿದ್ದ ಹುಳುವನ್ನು ಮೆಲ್ಲಗೆ ತಟ್ಟೆಗೇ ಬಿಟ್ಟು ಎದ್ದು ಹೋದ. ಕಾಫಿ ಲೋಟ ಎರಡು ಕೈಯಲ್ಲಿ ಹಿಡಿದು ಕೂತವನು ಅದು ತಣ್ಣಗಾಗುವವರೆಗೂ ಕುಡಿಯಲಿಲ್ಲ. ಆಮೇಲೆ ಅವನು ಬದುಕಿದ್ದ ಐದಾರು ವರ್ಷ ನಮ್ಮ ಮನೆಯ ಹುಳುವನ್ನು ಮುಟ್ಟಲಿಲ್ಲ.

ನನಗೆ ನಲವತ್ತು ದಾಟಿದ ಮೇಲೆ ಆ ಲೋಟ ನೆನಪಿಗೆ ಬರತೊಡಗಿತು. ದೂರದಲ್ಲಿ ಬರುವ ಬಸ್ಸಿನ ಬೋರ್ಡು ಚೆನ್ನಾಗಿಯೇ ಕಾಣುತ್ತಿತ್ತು. ಲಗ್ನಪತ್ರಿಕೆ ಹಿಡಿದರೆ ಮಾತ್ರ ಅಕ್ಷರಗಳು ಇರುವೆಯ ಸಾಲಿನಂತೆ ಕದಡುತ್ತಿದ್ದವು. ಕೈಯನ್ನು ಪೂರ್ತಿ ಚಾಚಿ ಓದುವುದನ್ನು ನೋಡಿ ನನ್ನ ಹೆಂಡತಿ ನಗುತ್ತಿದ್ದಳು.

“ಬಾವ, ಇನ್ನೊಂದು ಮೊಳ ಕೈ ಬೇಕಾಗಿತ್ತು ನಿಂಗೆ. ಚಾಳೀಸು ಬಂದದೆ, ಹೋಗಿ ಕನ್ನಡಕ ಹಾಕಿಸ್ಕೊ.”

“ನಂಗ್ಯಾತಕ್ಕೆ ಕನ್ನಡಕ? ದೀಪ ಸರಿಯಿಲ್ಲ” ಎನ್ನುತ್ತಿದ್ದೆ. ಹಗಲು ಹೊತ್ತಿನಲ್ಲೂ ಅದನ್ನೇ ಹೇಳುತ್ತಿದ್ದೆ.

ಪಕ್ಕದ ಮನೆಯವನು ನನಗಿಂತ ಎರಡು ವರ್ಷ ಚಿಕ್ಕವನು. ಆ ವರ್ಷ ಅವನ ಮನೆಯ ಹುಳು ಹಣ್ಣಾದಾಗ ಎಂದಿನಂತೆ ಹೋಗಿ ಕೂತೆ. ಹೊಳಪು ಕಾಣಲಿಲ್ಲ. ಬಿಳಿಯ ಹುಳುಗಳೆಲ್ಲ ಒಂದೇ ಮಸುಕಾಗಿ ಹೊರಳುತ್ತಿದ್ದವು. ಎದ್ದು ಬರಬೇಕಾಗಿತ್ತು. ಬರಲಿಲ್ಲ. ಯಾವ ಹುಳು ತಲೆ ಎತ್ತಿದರೂ ಹಣ್ಣೇ ಎಂದುಕೊಂಡು, ಬೇರೆಯವರಿಗಿಂತ ಬೇಗ ಬೇಗ ಆರಿಸಿದೆ. ಮಾರನೇ ದಿನ ನೋಡಿದರೆ ನನ್ನ ಚಂದ್ರಿಕೆಗಳ ಕೆಳಗೆ ಹುಳುಗಳು ಉದುರಿ ಬಿದ್ದಿದ್ದವು. ಅವನು ಬೈಯಲಿಲ್ಲ, ಮೊರದಲ್ಲಿ ಬಾಚಿಕೊಂಡು ಅವಕ್ಕೆ ಮತ್ತೆ ಸೊಪ್ಪು ಹಾಕಿದ. ಮುಂದಿನ ಬೆಳೆಗೆ ಕರೆದ. ನಾನು ಹೋದ ಕೂಡಲೇ ಚಾಪೆ ತೋರಿಸಿದ.

“ಬಾರಣ್ಣ, ಆ ನೆರಳಲ್ಲಿ ಕೂತ್ಕೊ. ಲೇ, ಅಣ್ಣಂಗೆ ಮೊದ್ಲು ಕಾಫಿ ತನ್ರೋ.”

ತುಂಬ ಪ್ರೀತಿಯಿಂದಲೇ ಹೇಳಿದ. ಹೊಲದಲ್ಲಿ ನೀರು ಬಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ, ಲೋಟ ಮುಟ್ಟದೆ ವಾಪಸು ಬಂದೆ.

ಆ ವಾರವೇ ಯಾರಿಗೂ ಹೇಳದೆ ಕೋಲಾರದ ಬಸ್ಸು ಹತ್ತಿದೆ. ಕನ್ನಡಕದ ಅಂಗಡಿಯವನು ವಯಸ್ಸೆಷ್ಟು ಎಂದು ಕೇಳಿದ. ಮೂವತ್ತೈದು ಎಂದೆ. ಅವನು ನನ್ನ ಮುಖ ನೋಡಿ, ಅಕ್ಷರ ತುಂಬಿದ ರಟ್ಟು ಕೈಗೆ ಕೊಟ್ಟ. ನಾನು ಓದುವುದು ನಿಧಾನ. ಕಣ್ಣು ಕಾಣದಿದ್ದರೆ ಇನ್ನೂ ನಿಧಾನ.

“ಯಜಮಾನ್ರೇ, ಓದಕ್ಕೆ ಬರುತ್ತಾ?” ಎಂದ.

“ನಾಲ್ಕನೇ ಕ್ಲಾಸು ಓದಿದೀನಿ ಸ್ವಾಮಿ” ಎಂದು ರಟ್ಟನ್ನು ಮೇಜಿನ ಮೇಲಿಟ್ಟು ಇಳಿದುಬಂದೆ. ಅಷ್ಟು ದೂರ ಹೋದದ್ದಕ್ಕೆ ಒಂದು ಸೇರು ಕಡಲೆಪುರಿ ಕಟ್ಟಿಸಿಕೊಂಡು ಮನೆಗೆ ಬಂದೆ.

ಎರಡು ವಾರ ಕಳೆದು ನಮ್ಮ ಮನೆಯ ಹುಳುವಿನ ಸರದಿ. ಹುಳು ಸೊಪ್ಪು ತಿನ್ನುವಾಗ ತುಂತುರು ಮಳೆಯ ಸದ್ದು ಬರುತ್ತದೆ. ಅಂದು ಬೆಳಗಿನ ಜಾವ ಅತ್ತೆ ಜಗುಲಿಯಿಂದಲೇ ಕೂಗಿದರು.

“ಏನ್ಲಾ, ಸದ್ದು ಇಳೀತು. ಎದ್ದೇಳು, ಹಣ್ಣಾಗವೆ.”

ಬೆಳಕು ಬಂತು. ತಟ್ಟೆಯನ್ನು ಬಾಗಿಲಿಗೆ ಎಳೆದುಕೊಂಡು ಕೂತೆ, ಹಿಂದೆ ಸರಿದೆ, ಮುಂದೆ ಬಾಗಿದೆ. ಪಕ್ಕದ ಮನೆಯಲ್ಲಿ ಆದದ್ದು ನನ್ನ ಮನೆಯಲ್ಲೂ ಆದರೆ ಊರಿಗೆಲ್ಲ ಗೊತ್ತಾಗುತ್ತದೆ. ಕೈ ಏಳಲಿಲ್ಲ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದು ಇನ್ನೊಂದು ತಟ್ಟೆಯ ಮುಂದೆ ಕೂತರು. ಆ ಬೆಳೆಯ ಹೊತ್ತಿಗೆ ಅವರ ಎರಡು ಕಣ್ಣಿಗೂ ಪೊರೆ ಪೂರ್ತಿ ಮುಚ್ಚಿಕೊಂಡಿತ್ತು.

“ನೀನು ಬಿಡತ್ತೆ, ನೆರಳಲ್ಲಿ...” ಎಂದು ಶುರುಮಾಡಿದೆ.

“ನಿಮ್ಮಪ್ಪನ್ನ ಕೂರಿಸಿದ್ಯಲ್ಲ, ಸಾಲ್ದಾ ನಿಂಗೆ?”

ಅತ್ತೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಆರಿಸತೊಡಗಿದರು. ಅವರ ಮುಖ ತಟ್ಟೆಯ ಕಡೆಗೇ ಇರಲಿಲ್ಲ, ಬಾಗಿಲಿನಾಚೆ ಎಲ್ಲೋ ಇತ್ತು. ನನ್ನ ಹೆಂಡತಿ ಅವರು ಬಿಟ್ಟ ಒಂದೊಂದು ಹುಳುವನ್ನೂ ಬೆಳಕಿಗೆ ಹಿಡಿದು ನೋಡಿದಳು. ಇಡೀ ಚಂದ್ರಿಕೆಯಲ್ಲಿ ಒಂದೂ ಹಸಿ ಇರಲಿಲ್ಲ.

“ಅದೆಂಗತ್ತೆ?” ಎಂದೆ.

“ಅದು ಆಮೇಲೆ. ನಿಂಗೆ ಎಷ್ಟು ದಿನದಿಂದ ಕಾಣಲ್ಲ, ಅದು ಹೇಳು.”

“ವರ್ಷದ ಮೇಲಾಯ್ತಮ್ಮ” ಎಂದಳು ನನ್ನ ಹೆಂಡತಿ. “ಸೂಜಿಗೆ ದಾರ ಹಾಕ್ಕೊಡು ಬಾವ ಅಂದ್ರೆ ಸಾಕು, ಹಸಕ್ಕೆ ನೀರು ಕುಡಿಸ್ಬೇಕು ಅಂತ ಓಡ್ತಾನೆ. ಹಸ ಹೊಟ್ಟೆ ಒಡ್ಕೊಂಡಿಲ್ಲ, ನಮ್ಮ ಪುಣ್ಯ.”

ಅತ್ತೆ ಹಲ್ಲಿಲ್ಲದ ಬಾಯಲ್ಲಿ ನಕ್ಕರು. “ನಿಮ್ಮ ಮದ್ವೆ ಹೊತ್ಗೇ ನಂಗೆ ಚಾಳೀಸು ಬಂದಿತ್ತು. ಆವತ್ತಿಂದ ಬೆರಳಲ್ಲೇ ಆರಿಸ್ತಿದ್ದೀನಿ. ಪಕ್ಕದಲ್ಲೇ ಕೂತಿರ್ತಿದ್ದೆ ನೀನು, ಭಾರಿ ಕಣ್ಣಿನವ್ನು. ನೋಡಿದ್ಯಾ?”

ನೋಡಿರಲಿಲ್ಲ. ಹದಿನೆಂಟು ವರ್ಷ ಅವರ ಜೊತೆ ಕೂತು ಹುಳು ಆರಿಸಿದ್ದೆ.

“ಮುಚ್ಕೊ ಕಣ್ಣು” ಎಂದು ನನ್ನ ಕೈ ಹಿಡಿದು ತಟ್ಟೆಗೆ ಇಟ್ಟರು. “ಹಸಿ ಹುಳ ಬಿಗಿಯಾಗಿರ್ತದೆ, ಎತ್ತಿದ್ರೆ ಸೊಪ್ಪು ಬಿಡಲ್ಲ. ಹಣ್ಣು ಹುಳ ಮೆತ್ತಗೆ, ಕುಗ್ಗಿರ್ತದೆ. ಬಾಯಿ ಹತ್ರ ಬೆರಳು ತಗೊಂಡೋಗು. ಎಳೆ ಅಂಟ್ತಾ?”

ಮೊದಮೊದಲು ಏನೂ ತಿಳಿಯಲಿಲ್ಲ. ಆರಿಸಿದ್ದರಲ್ಲಿ ಅರ್ಧವನ್ನು ಹೆಂಡತಿ ತಿರುಗಿ ತಟ್ಟೆಗೆ ಹಾಕಿದಳು. ಮೂರನೇ ತಟ್ಟೆಯ ಹೊತ್ತಿಗೆ ಬೆರಳಿನ ತುದಿಗೆ ಒಂದು ಎಳೆ ತಾಗಿತು. ಜೇಡರ ಬಲೆಗಿಂತ ತೆಳು. ಮೆತ್ತನೆಯ, ಹಗುರವಾದ ಹುಳು ಸೊಪ್ಪನ್ನು ತಾನೇ ಬಿಟ್ಟು ನನ್ನ ಕೈಗೆ ಬಂತು. ಕಣ್ಣು ತೆರೆಯದೆಯೇ ಅದು ಹಣ್ಣೆಂದು ಗೊತ್ತಾಯಿತು.

ಅತ್ತೆಗೆ ಆಗ ಹೇಳಿದೆ. “ನಂಗೆ ಭಯ ಆಗ್ತದತ್ತೆ. ನನ್ನೂ ನೆರಳಲ್ಲಿ ಕೂರಿಸ್ತಾವ್ರೆ.”

“ಕೂರಿಸಿದ್ರೆ ಕೂತ್ಕೊ. ಕಾಫಿ ಕೊಟ್ರೆ ಕುಡಿ. ಕುಡಿದಾದ್ಮೇಲೆ ಎದ್ದು ಬಾ, ನಿನ್ನೇನು ಕಟ್ಹಾಕವ್ರಾ?” ಇನ್ನೊಂದು ಹುಳುವನ್ನು ಚಂದ್ರಿಕೆಗೆ ಬಿಟ್ಟು ಮತ್ತೆ ಹೇಳಿದರು, “ನಿಮ್ಮಪ್ಪ ಎದ್ದು ಬರ್ಲಿಲ್ಲ, ಅದು ಅವನ ಹಟ. ನೀನೂ ಕರೀಲಿಲ್ಲ.”

ಮೂರು ದಿನ ಬಿಟ್ಟು ನೋಡಿದರೆ ಗೂಡುಗಳು ಗಟ್ಟಿಯಾಗಿದ್ದವು. ನಾನು ಆರಿಸಿದ್ದು ಯಾವುದು, ಅತ್ತೆ ಆರಿಸಿದ್ದು ಯಾವುದು ಎಂದು ಹೇಳಲು ಆಗುತ್ತಿರಲಿಲ್ಲ.

ಅದರಲ್ಲಿ ಒಂದು ಗೂಡನ್ನು ಜೇಬಿಗೆ ಹಾಕಿಕೊಂಡು ಮತ್ತೆ ಕೋಲಾರಕ್ಕೆ ಹೋದೆ. ಬೆರಳಿಗೆ ಕೆಲಸ ಬಂದರೆ ಕಣ್ಣು ಬೇಡವೆಂದೇನೂ ಇಲ್ಲವಲ್ಲ. ಅದೇ ಅಂಗಡಿ, ಅದೇ ಮನುಷ್ಯ. ವಯಸ್ಸು ಕೇಳಿದ. “ನಲವತ್ತೆರಡು. ಒಂದು ಹೆಚ್ಚೇ ಇರಬಹುದು” ಎಂದೆ. ರಟ್ಟು ಕೊಡಲು ಬಂದಾಗ ಬೇಡವೆಂದು ಗೂಡನ್ನು ಮೇಜಿನ ಮೇಲಿಟ್ಟೆ. “ಇದರ ಎಳೆ ಕಾಣೋ ಗಾಜು ಹಾಕಿ ಸ್ವಾಮಿ.” ಒಂದಾದ ಮೇಲೊಂದು ಗಾಜು ಬದಲಾಯಿಸಿದ. ನಾಲ್ಕನೆಯದಕ್ಕೋ ಐದನೆಯದಕ್ಕೋ ಗೂಡಿನ ಮೇಲಿನ ನವಿರು ಎಳೆಗಳೆಲ್ಲ ಎದ್ದು ನಿಂತವು. ಕೈಯನ್ನೂ ನೋಡಿಕೊಂಡೆ. ಸೊಪ್ಪಿನ ಕರೆ ಹಿಡಿದ ಸುಕ್ಕುಗಳು ಅಲ್ಲಿ ಯಾವಾಗಲೋ ಬಂದು ಕೂತಿದ್ದವು. ನೋಡಲು ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಪಕ್ಕದ ಮನೆಯ ಮುಂದಿನ ಬೆಳೆಗೆ ಅತ್ತೆಯ ಕೈ ಹಿಡಿದುಕೊಂಡು ಹೋದೆ. ಅವನು ಚಾಪೆ ತೋರಿಸಿದ. ಇಬ್ಬರೂ ಕೂತೆವು. ಎಲ್ಲರಿಗಿಂತ ಮೊದಲು ಕಾಫಿ ಬಂತು. ಬಿಸಿ ಇರುವಾಗಲೇ ಕುಡಿದು, ಲೋಟ ಕೆಳಗಿಟ್ಟು, ಕೈ ತೊಳೆದು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ತಟ್ಟೆಯ ಮುಂದೆ ಹೋಗಿ ಕೂತೆ.

“ಏನಣ್ಣ, ಮೇಷ್ಟ್ರು ಬಂದಂಗೆ ಕಾಣ್ತದೆ” ಎಂದ ಅವನು.

“ನಾಲ್ಕನೇ ಕ್ಲಾಸಿನವನು ಕಣೋ. ಸರ್ಕೊ ಆ ಕಡೆ.”

ಅವನು ನಗುತ್ತ ಸರಿದು ಜಾಗ ಬಿಟ್ಟ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿ, ನಾನು ಬೇವಿನ ಕಡೆ ತಿರುಗಿದೆ.

“ಅತ್ತೆ, ಕಾಫಿ ಕುಡಿದಾಯ್ತಾ? ಎದ್ದು ಬಾ. ಈ ತಟ್ಟೆ ನಿಂದು.”