ಕುರಿದೊಡ್ಡಿಯ ಮೂಲೆಯ ಮಣ್ಣು

ಅವಳನ್ನು ಮಣ್ಣಕ್ಕ ಎಂದು ಜನ ಕರೆಯತೊಡಗಿದ್ದು ಗೇಲಿಗೆ. ಮಳೆ ಕಡಿಮೆ ಬೀಳುವ ಹನ್ನೆರಡು ಹಳ್ಳಿಗಳಲ್ಲಿ ನಡೆದಾಡಿ, ಎರಡು ಮೂರು ಎಕರೆಯವರ ಹೊಲದ ಮಣ್ಣನ್ನು ಪರೀಕ್ಷೆಗೆ ನಮ್ಮ ಪ್ರಯೋಗಾಲಯಕ್ಕೆ ತಂದುಕೊಡುವುದು ಅವಳ ಕೆಲಸ. ಓದಿದ್ದು ಏಳನೆಯ ತರಗತಿ. ನಾನು ಅಲ್ಲಿ ಮುಖ್ಯಸ್ಥೆಯಾಗಿದ್ದ ಕಾಲದಲ್ಲಿ ಪದವೀಧರರು ಹಲವರು ಬಂದು ಹೋದರು; ಒಮ್ಮೆಯೂ ಚೀಲಕ್ಕೆ ತಪ್ಪು ಚೀಟಿ ಕಟ್ಟದವಳು ಇವಳೊಬ್ಬಳೇ.

ಒಂದು ವರ್ಷ ಅವಳ ಕಾಲು ಉಳುಕಿತು. ರೈತರೇ ಚೀಲ ತುಂಬಿ ಅವಳ ಮನೆಗೆ ತಲುಪಿಸಿದರು. ಅವಳ ಗಂಡನ ಅಣ್ಣನ ಹೊಲಕ್ಕೆ ಯಾವ ಕೊರತೆಯೂ ಇಲ್ಲವೆಂದು ವರದಿ ಬಂತು. ಆದರೆ ಜೋಳ ಮೊಣಕಾಲೆತ್ತರ ಬರುವಷ್ಟರಲ್ಲಿ ಎಳೆಯ ಎಲೆಗಳೆಲ್ಲ ಬಿಳಿಚಿ ಹಳದಿಯಾದವು.

ಆತ ಬೀಜದ ಅಂಗಡಿಯ ಮುಂದೆ ನಿಂತು ಹೇಳಿದ: "ನನ್ನ ಹೊಲ ಬಂಗಾರ ಅಂತು ಮಣ್ಣಕ್ಕನ ಮಿಷನ್ನು. ಅದಕ್ಕೇ ನೋಡಿ, ಬೆಳೆನೂ ಹಳದಿ!"

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮರುದಿನವೇ ಮೂವರು ಇನ್ನು ಮಣ್ಣು ಕೊಡುವುದಿಲ್ಲ ಎಂದರು. ಎಂಟು ವರ್ಷ ಚಪ್ಪಲಿ ಸವೆಸಿ ಗಳಿಸಿದ ನಂಬಿಕೆ ಕೈಬಿಟ್ಟು ಹೋಗುತ್ತಿತ್ತು.

ಅವಳು ನನ್ನ ಬಳಿ ಬಂದು ಅಳಲಿಲ್ಲ. "ಮೇಡಂ, ಮಿಷನ್ ತಪ್ಪು ಹೇಳುತ್ತಾ?" ಎಂದು ಕೇಳಿದಳು.

"ಕೊಟ್ಟ ಮಣ್ಣಿನ ಬಗ್ಗೆ ತಪ್ಪು ಹೇಳಲ್ಲ."

ನೆಟ್ಟಗೆ ಭಾವನ ಹೊಲಕ್ಕೆ ಹೋದಳು. "ಭಾವ, ಚೀಲ ತುಂಬಿದ್ದು ಎಲ್ಲಿಂದ?"

"ಹೊಲದಿಂದಲೇ. ಇನ್ನೇನು, ಚಂದ್ರಲೋಕದಿಂದಲಾ?"

ಕಳೆ ಕೀಳುತ್ತಿದ್ದ ಆತನ ಹೆಂಡತಿ ತಲೆ ಎತ್ತಲಿಲ್ಲ. "ಕುರಿ ಕೂಡಿ ಹಾಕ್ತೀವಲ್ಲ, ಆ ಗೊಬ್ಬರದ ಮೂಲೆಯಿಂದ. ಜ್ವರ ಬಂದವನು ಡಾಕ್ಟರ ಹತ್ರ ಅಣ್ಣನ ನಾಡಿ ತೋರಿಸಿದ ಹಾಗೆ!"

"ನೀನು ಸುಮ್ನಿರೇ," ಎಂದ ಆತ. "ನಾಲ್ಕು ಜನ ಓದಿದವರು ನೋಡೋ ಮಣ್ಣು. ಇದ್ದಿದ್ರಲ್ಲಿ ಚೆನ್ನಾಗಿರೋದನ್ನ ಕಳಿಸಬೇಡ್ವಾ?"

ನಾನಾಗಿದ್ದರೆ ಅಂಗಡಿಯ ಮುಂದೆ ಆ ಮಾತನ್ನು ಯಥಾವತ್ತಾಗಿ ಒಪ್ಪಿಸುತ್ತಿದ್ದೆ. ಅವಳು ಭಾವನ ಎದುರೇ, ಎಲ್ಲರಿಗೂ ಕೇಳುವಂತೆ ಹೇಳಿದ್ದು ಇಷ್ಟು: "ನಾನು ನೋಡದೆ ಚೀಲ ತಗೊಂಡೆ. ತಪ್ಪು ನಂದೇ. ಇನ್ಮೇಲೆ ನನ್ನೆದುರು ಅಗೆದ ಮಣ್ಣು ಮಾತ್ರ ತಗೊಳ್ತೀನಿ."

ಮೊದಲು ಅಗೆದದ್ದು ಭಾವನ ಹೊಲವನ್ನೇ. ಕುರಿಯ ಮೂಲೆ ಬಿಟ್ಟು, ಅಂಕುಡೊಂಕಾಗಿ ನಡೆದು ಹತ್ತು ಕಡೆ ಅರ್ಧ ಅಡಿ ಗುಂಡಿ ತೋಡಿದಳು. ಆ ಮಣ್ಣನ್ನೆಲ್ಲ ಬಕೆಟ್ಟಿನಲ್ಲಿ ಬೆರೆಸಿ, ಗೋಣಿಯ ಮೇಲೆ ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡನ್ನು ಎಸೆದಳು. ಅರ್ಧ ಕಿಲೋ ಉಳಿಯುವವರೆಗೆ ಹೀಗೇ. ವರದಿಯಲ್ಲಿ ಗಂಧಕ, ಸತು ಎರಡೂ ತಳ ಕಂಡಿದ್ದವು. ಮುಂದಿನ ಹಂಗಾಮಿಗೆ ಆತ ಅವೆರಡನ್ನೂ ಹಾಕಿದ, ಬಿತ್ತುವ ಮುಂಚೆ ಕುರಿದೊಡ್ಡಿಯನ್ನು ವಾರಕ್ಕೊಮ್ಮೆ ಹೊಲದ ಬೇರೆ ಬೇರೆ ಕಡೆಗೆ ಸರಿಸಿದ. ಜೋಳ ಆಳೆತ್ತರ ನಿಂತಿತು.

ಆಗ ಆತನೇ ಅಂಗಡಿಯ ಮುಂದೆ ಬಾಯಿ ಬಿಟ್ಟ: "ತಪ್ಪು ಮಿಷನ್ನಿನದಲ್ಲ, ಅವಳದೂ ಅಲ್ಲ. ನಾನೇ ದೊಡ್ಡಿ ಮಣ್ಣು ಕೊಟ್ಟಿದ್ದೆ."

ಈ ಸಲ ಯಾರೂ ನಗಲಿಲ್ಲ. ಆ ವಾರ ಮುನಿಸಿಕೊಂಡಿದ್ದ ಮೂವರೂ ಅವಳನ್ನು ಕರೆಸಿದರು. ಇನ್ನೂ ಹನ್ನೊಂದು ಮಂದಿ ಅವಳ ಕಾಲು ಉಳುಕಿದ ವರ್ಷದ ತಮ್ಮ ವರದಿಗಳನ್ನು ತಂದು, ತಲೆ ತಗ್ಗಿಸಿ, ಇನ್ನೊಮ್ಮೆ ಅಗೆಯುವಂತೆ ಕೇಳಿಕೊಂಡರು.