ಡಾಂಬರಿನ ಕೆಳಗಿನ ಹೊಲ

ಸಿದ್ದಾಪುರದ ಬೋರಣ್ಣನಿಗೆ ಹೆಣ್ಣು ಸಿಗುವುದೇ ಕಷ್ಟವಾಗಿತ್ತು. ಹುಡುಗನಲ್ಲಿ ಐಬೇನೂ ಇರಲಿಲ್ಲ. ಎತ್ತರದ ಆಳು, ಕುಡಿತ ಗಿಡಿತ ಇಲ್ಲ, ಕಾರ್ಪೊರೇಷನ್ನಿನ ರಸ್ತೆ ಗ್ಯಾಂಗಿನಲ್ಲಿ ಖಾಯಂ ಕೆಲಸ. ಆದರೆ ಹೆಣ್ಣು ಕೊಡುವವರು ಕೇಳುತ್ತಿದ್ದುದು ಒಂದೇ ಮಾತು: ಹೊಲ ಎಲ್ಲಿದೆ, ತೋರಿಸಿ. ಆಗೆಲ್ಲ ನಮ್ಮ ಕಡೆ ಹಾಗೇ. ಹುಡುಗನ ಮುಖ ಆಮೇಲೆ. ಮೊದಲು ಅವನ ಹೊಲದ ಬದುವಿನ ಮೇಲೆ ನಡೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ ಮೇಲೇ ತಾಂಬೂಲ. ಬೋರಣ್ಣನ ಹೊಲವೋ, ಅಪ್ಪ ಇದ್ದಾಗಲೇ ಜಯನಗರದ ಬಡಾವಣೆಗೆ ಹೋಗಿತ್ತು. ರಾಗಿ ಬೆಳೆದ ಜಾಗದಲ್ಲಿ ಈಗ ರಸ್ತೆ, ಚರಂಡಿ, ಕಾಂಪೌಂಡು, ಕಾಂಪೌಂಡಿನೊಳಗೆ ಕ್ರೋಟನ್ ಗಿಡ. ಕ್ರೋಟನ್ನನ್ನು ತಿನ್ನಲಿಕ್ಕಾಗುತ್ತದೆಯೇ? ಹೋಗಲಿ ಬಿಡಿ, ಅದನ್ನು ಬೆಳೆಸಿದವರ ಮೇಲೆ ನನಗೇನೂ ಸಿಟ್ಟಿಲ್ಲ.

ಅಪ್ಪ ತೀರಿಕೊಂಡ ಮೇಲೆ ಬೋರಣ್ಣ ಅದೇ ನೆಲದ ಮೇಲೆ ಜಲ್ಲಿ ಹೊರುವ ಕೆಲಸಕ್ಕೆ ನಿಂತ. ಮಳೆಗಾಲಕ್ಕೆ ಮುಂಚೆ ಚರಂಡಿ ಬಳಿಯುವುದು, ಮಳೆ ನಿಂತ ಮೇಲೆ ಗುಂಡಿ ಮುಚ್ಚುವುದು, ಬೇಸಿಗೆಯಲ್ಲಿ ಪೀಪಾಯಿಗೆ ಬೆಂಕಿ ಹಾಕಿ ಡಾಂಬರು ಕಾಯಿಸುವುದು, ವರ್ಷವೆಲ್ಲ ಇದೇ. ನೀರಿನವರು ಪೈಪಿಗೆಂದು ಅಗೆದು ಹೋಗುತ್ತಿದ್ದರು, ಗ್ಯಾಂಗಿನವರು ಮುಚ್ಚುತ್ತಿದ್ದರು. ಮುಚ್ಚಿದ ಡಾಂಬರು ಆರುವ ಮೊದಲೇ ದೀಪದ ಕಂಬದವರು ಹಾರೆ ಹಿಡಿದು ಬರುತ್ತಿದ್ದರು. ಈ ಮೂರೂ ಜನ ಒಂದು ದಿನ ಕೂತು ಮಾತಾಡಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತೋ ಕಾಣೆ. ಬೋರಣ್ಣ ಮಾತ್ರ ಗೊಣಗುತ್ತಿರಲಿಲ್ಲ. ನೆಲವನ್ನು ಚೊಕ್ಕಟವಾಗಿ ಇಡುವುದು ಅವನಿಗೆ ರಕ್ತದಲ್ಲೇ ಬಂದದ್ದು, ಮೇಲೆ ಪೈರಿರಲಿ ಡಾಂಬರಿರಲಿ.

ಆ ವರ್ಷ ದಲ್ಲಾಳಿ ಗುಂಡಣ್ಣ ಸಾರಕ್ಕಿಯ ಆಚೆಯ ಒಂದು ಹಳ್ಳಿಯಿಂದ ಸಂಬಂಧ ತಂದ. ಹುಡುಗಿ ನಾರಾಯಣಮ್ಮ, ಚಿಕ್ಕಬೈರಪ್ಪನವರ ಒಬ್ಬಳೇ ಮಗಳು. ನೋಡಲು ಹೋದಾಗ ಅವಳು ಕಳೆ ಕೀಳುತ್ತಿದ್ದವಳು ಕೆಸರುಗಾಲಲ್ಲೇ ಬಂದು ನೀರು ಬೆಲ್ಲ ಕೊಟ್ಟಳು. ಯಾರೂ ಕೇಳದೆ ಅವಳೇ ಬಾಯಿ ತೆಗೆದು, ನಿಮ್ಮ ಹೊಲದಲ್ಲಿ ರಾಗಿ ಜೊತೆ ಅವರೆ ಹಾಕ್ತೀರಾ ಎಂದು ಬೋರಣ್ಣನನ್ನೇ ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ಗುಂಡಣ್ಣ, ಹಾಕದೆ ಏನಮ್ಮ, ಮೂರೆಕರೆ ತುಂಬಾ ಅವರೇನೇ ಎಂದುಬಿಟ್ಟ. ಬೋರಣ್ಣನ ತಾಯಿ ಅಂಜನಮ್ಮ ತಲೆ ತಗ್ಗಿಸಿದಳು. ಮಗನ ಮದುವೆ ನೋಡಬೇಕೆಂಬ ಆಸೆಗೆ ಅವಳು ಆ ಸುಳ್ಳನ್ನು ಮೊದಲೇ ಒಪ್ಪಿಕೊಂಡಿದ್ದಳು. ಬೋರಣ್ಣನೂ ಸುಮ್ಮನಿದ್ದ. ಯಾಕೆಂದರೆ ಹುಡುಗಿ ಅವನ ಮನಸ್ಸಿಗೆ ಬಂದುಬಿಟ್ಟಿದ್ದಳು. ಇವಳು ತಪ್ಪಿದರೆ ತನಗೆ ಇನ್ನು ಮದುವೆಯೇ ಬೇಡ ಅನ್ನುವಷ್ಟು.

ಹೊಲ ನೋಡಲು ಚಿಕ್ಕಬೈರಪ್ಪ ಬರುವ ದಿನ ಗೊತ್ತಾಯಿತು. ಪರಿಚಯದವರ ಹೊಲವೊಂದನ್ನು ತೋರಿಸಿ ಕಳಿಸುವುದೆಂದು ಗುಂಡಣ್ಣನ ಉಪಾಯ. ಅಂಜನಮ್ಮ ಮಗನಿಗೆ ಬಿಳಿ ಪಂಚೆ ಒಗೆದು ಇಟ್ಟಳು. ಆದರೆ ಅವರು ಬರುವ ದಿನ ಬೆಳಿಗ್ಗೆಯೇ ಮೇಸ್ತ್ರಿ ಸಿದ್ದಲಿಂಗಯ್ಯ ಆಳು ಕಳಿಸಿದ. ನೀರಿನವರು ಅಗೆದು ಮಣ್ಣು ತುಂಬಿದ್ದ ಜಾಗ ಕುಸಿದು, ಅದರಲ್ಲಿ ಒಂದು ಲಾರಿ ಹೂತುಕೊಂಡಿತ್ತು. ಹೇಗೋ ಲಾರಿ ಎತ್ತಿದ್ದಾಯಿತು, ಆದರೆ ಗುಂಡಿ ಮುಚ್ಚಿ ಡಾಂಬರು ಹಾಕದೆ ಗಾಡಿ ಓಡುವಂತಿಲ್ಲ. ಮಧ್ಯಾಹ್ನಕ್ಕೆ ಮುಗಿಸಿ ಮೈ ತೊಳೆದುಕೊಂಡರಾಯಿತು ಎಂದು ಬೋರಣ್ಣ ಸಲಿಕೆ ಹಿಡಿದು ಹೊರಟ.

ಕೆಲಸ ತಡವಾಯಿತು. ಜಲ್ಲಿ ಬಡಿದು, ಡಾಂಬರು ಸುರಿದು, ಮೇಲೆ ಮರಳು ಎರಚುವುದಷ್ಟೇ ಬಾಕಿ. ಅಷ್ಟರಲ್ಲಿ ತಲೆಗೆ ರುಮಾಲು ಸುತ್ತಿದ ಹಳ್ಳಿಯ ಹಿರಿಯರೊಬ್ಬರು ಗುಂಡಣ್ಣನಿಗಿಂತ ಮುಂದಾಗಿ ಬಿರಬಿರನೆ ನಡೆದು ಬಂದರು. ಹೊಳೆಯುವ ಕಪ್ಪು ನೆಲ ಕಂಡು, ಯಾರೋ ಮನೆ ಮುಂದೆ ಚೆನ್ನಾಗಿ ಸಾರಿಸಿದ್ದಾರೆ, ಮೆಟ್ಟು ಹಾಕಿ ತುಳಿಯಬಾರದು ಅಂದುಕೊಂಡರು ಪಾಪ. ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು ಕಾಲಿಟ್ಟೇಬಿಟ್ಟರು. ಕಾಲು ಚುರುಕ್ಕೆಂದಿತು, ಅಲ್ಲೇ ಅಂಟಿಕೊಂಡಿತು. ಬೋರಣ್ಣ ಓಡಿಹೋಗಿ ಅವರನ್ನು ಅನಾಮತ್ತಾಗಿ ಎತ್ತಿ ಜಲ್ಲಿ ಗುಡ್ಡೆಯ ಮೇಲೆ ಕೂರಿಸಿದ, ಮೊದಲು ಕಾಲಿನ ಮೇಲೆ ತಣ್ಣೀರು ಸುರಿದ, ಆಮೇಲೆ ಹೊಂಗೆ ಎಣ್ಣೆ ತಂದು ಉಜ್ಜತೊಡಗಿದ. ದೊಡ್ಡ ಗಾಯವೇನೂ ಆಗಿರಲಿಲ್ಲ. ಮುಖ ನೋಡಿದರೆ ಚಿಕ್ಕಬೈರಪ್ಪ!

ಅವರಿಗೆ ಇವನ ಗುರುತು ಹತ್ತಲಿಲ್ಲ. ಹಣೆಯಿಂದ ಪಾದದವರೆಗೆ ಮಸಿ ಡಾಂಬರು, ಹೆತ್ತ ತಾಯಿಗೂ ಹತ್ತುತ್ತಿರಲಿಲ್ಲ. ಏದುಸಿರು ಬಿಡುತ್ತ ಬಂದ ಗುಂಡಣ್ಣನಿಗೆ ಮಾತ್ರ ಹತ್ತಿತು. ಅವನು ಹಿಂದೆ ನಿಂತು ಕಣ್ಣಲ್ಲೇ ಸನ್ನೆ ಮಾಡಿದ, ಸುಮ್ಮನಿರು, ಬಾಯಿ ಬಿಡಬೇಡ ಎಂದು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರು ಆ ಕಡೆ ಹೋದ ಮೇಲೆ ಸಂದಿಯಿಂದ ಮನೆಗೆ ಓಡಿ ಬಿಳಿ ಪಂಚೆ ಉಟ್ಟು ನಿಂತರೆ ಮುಗಿಯಿತು.

ಎಣ್ಣೆ ಉಜ್ಜಿಸಿಕೊಳ್ಳುತ್ತ ಚಿಕ್ಕಬೈರಪ್ಪ, ನೀನು ಇದೇ ಊರಿನವನೇನಪ್ಪ, ಇಲ್ಲಿ ಬೋರಣ್ಣ ಅನ್ನೋರ ಮೂರೆಕರೆ ಹೊಲ ಎಲ್ಲಿ ಬರುತ್ತೆ, ಮಣ್ಣು ಹೆಂಗಿದೆ ಎಂದು ಕೇಳಿದರು. ಬೋರಣ್ಣನ ಕೈ ನಿಂತಿತು. ಕೆಸರುಗಾಲಿನ ಆ ಹುಡುಗಿ ನಾಳೆ ಬಂದು ಕುಡುಗೋಲು ಹಿಡಿದು ಎಲ್ಲಿಗೆ ಹೋಗಬೇಕು? ಅವಳಿಗೆ ಯಾವ ಮುಖ ತೋರಿಸಲಿ? ಅವಳು ಕೈ ತಪ್ಪಿ ಹೋದರೂ ಹೋಗಲಿ ಅನ್ನಿಸಿತು. ಅನ್ನಿಸಿದಾಗ ಅಳುವೂ ಬಂತು.

"ನೀವು ಕಾಲಿಟ್ಟಿದ್ದೇ ಆ ಹೊಲ, ಗೌಡ್ರೆ. ಈಗ ರಸ್ತೆ ಆಗದೆ. ಬೋರಣ್ಣ ನಾನೇ. ಒಂದ್ ಗುಂಟೇನೂ ಇಲ್ಲ ನಂಗೆ."

ಗುಂಡಣ್ಣ ತಲೆ ಚಚ್ಚಿಕೊಂಡು ಏನೋ ಸಮಜಾಯಿಷಿಗೆ ಶುರುಮಾಡಿದ. ಚಿಕ್ಕಬೈರಪ್ಪ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದರು. ಬೈಗುಳ ಬರುತ್ತದೆಂದು ಬೋರಣ್ಣ ಕಾದ. ಅವರು ಕೇಳಿದ್ದೇ ಬೇರೆ. ಹೊಲ ಹೋದಾಗ ಏನು ಮಾಡಿದೆ ಎಂದರು.

"ಅಪ್ಪ ಊಟ ಬಿಟ್ಟ. ನಾನು ಅಳ್ತಾ ಕೂತೆ. ಆಮೇಲೆ ಹಸಿವಾಯ್ತು, ಕೆಲ್ಸಕ್ಕೆ ಬಂದೆ," ಎಂದ ಬೋರಣ್ಣ.

ಚಿಕ್ಕಬೈರಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಅವರ ಊರಿಗೂ ಬಡಾವಣೆಗೆಂದು ಸರಪಳಿ ಹಿಡಿದು ಅಳೆಯುವವರು ಬಂದು ಹೋಗಿದ್ದರು. ಹೊಲದಲ್ಲಿ ಕಲ್ಲು ನೆಟ್ಟಿದ್ದರು. ಆ ಕಲ್ಲು ಬೇಲಿ ಗುರುತಿಗೆ ಅಂತ ಚಿಕ್ಕಬೈರಪ್ಪ ಮನೆಯಲ್ಲಿ ಸುಳ್ಳು ಹೇಳಿದ್ದರು. ನೆಲ ಕೈಬಿಡುವ ಮೊದಲು ಮಗಳನ್ನು ನೆಲವಿರುವ ಮನೆಗೆ ಸೇರಿಸಿಬಿಡಬೇಕು ಎಂದು ಓಡೋಡಿ ಬಂದಿದ್ದರು. ಅದನ್ನೆಲ್ಲ ತಡೆತಡೆದು ಹೇಳಿ, ಬೋರಣ್ಣನ ಡಾಂಬರಿನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಬರೋ ಗುರ್ವಾರ ತಾಂಬೂಲಕ್ಕೆ ನಿಮ್ಮವ್ವನ ಕರ್ಕೊಂಡು ಬಾ," ಎಂದರು. "ನಮ್ಮ ಹೊಲ ಹೋಗೋ ವಿಚಾರ ನಾರಾಯಣಿಗೆ ನೀನೇ ಹೇಳ್ಬಿಡಪ್ಪ. ನಂಗೆ ಬಾಯಿ ಬರಾಕಿಲ್ಲ."

ಬೋರಣ್ಣ ಅವರ ಮೆಟ್ಟನ್ನು ಕಾಲ ಬಳಿ ತಂದಿಟ್ಟ.

"ಹೇಳ್ತೀನಿ ಮಾವ."